ನೋಂದಣಿಯಲ್ಲಿ ಉಳಿದ ಹೆಸರು

ಎಣ್ಣೆ ಹಚ್ಚಿ ಆಗಿತ್ತು. ಸಿಕ್ಕು ಬಿಡಿಸಿ, ಹಿಡಿಗೆ ಸಿಗದಷ್ಟು ತೆಳ್ಳಗಾಗಿದ್ದ ಅತ್ತೆಯ ಬಿಳಿಗೂದಲನ್ನು ಅನಘಾ ತುರುಬಿಗೆ ಸುತ್ತುತ್ತಿದ್ದಳು. ಒಮ್ಮೆಲೆ ಆ ತಲೆ ಅವಳ ಕೈಯಿಂದ ಆಚೆ ಸರಿಯಿತು.

"ಯಾರವಾ ನೀವು?"

ರಮಾಬಾಯಿ ಹಿಂತಿರುಗಿ ನೋಡುತ್ತಿದ್ದರು. ಮೂಗಿನ ಮೇಲೆ ಚಾಳೀಸು ಇತ್ತು, ಸರಿಯಾಗಿಯೇ ಇತ್ತು. ಆದರೂ ಕಣ್ಣಲ್ಲಿ ನಾಲ್ಕು ವರ್ಷದ ಹಿಂದಿನ ಅದೇ ಗಾಬರಿ.

"ನಾ ಅನಘಾ, ಅತ್ತಿ."

"ಅನಘಾ ಎಲ್ಲ್ಯದಾಳ? ನೀವ್ಯಾಕ ನನ್ನ ಕೂದಲಾ ಹಿಡದೀರಿ?"

ಇಪ್ಪತ್ತೇಳು ವರ್ಷಗಳಲ್ಲಿ ಅತ್ತೆ ತನ್ನನ್ನು 'ನೀವು' ಎಂದದ್ದು ಇದೇ ಮೊದಲು ಎಂಬುದು ಅನಘಾಳಿಗೆ ಆ ಗಡಿಬಿಡಿಯಲ್ಲೂ ಹೊಳೆಯಿತು.

ಆ ಚಾಳೀಸಿನ ಹೆಸರು 'ಪರಿಚಯ'. ನೆನಪು ಕಳೆದುಕೊಂಡ ಹಿರಿಯರಿಗಾಗಿ ಮಾಡಿದ್ದು. ಅದರ ಚೌಕಟ್ಟಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಕ್ಯಾಮೆರಾ ಇರುತ್ತದೆ. ಎದುರಿಗೆ ಯಾರಾದರೂ ಬಂದರೆ ಕಿವಿಯ ಹಿಂದಿನ ಎಲುಬಿಗೆ ತಾಗುವ ಕಡ್ಡಿ ಪಿಸುಗುಟ್ಟುತ್ತದೆ: ವಾದಿರಾಜ, ನಿಮ್ಮ ಮಗ. ಅನಘಾ, ನಿಮ್ಮ ಸೊಸೆ. ಹಾಕಿಕೊಂಡವರಿಗೆ ಮಾತ್ರ ಕೇಳುವ ದನಿ. ಅದೊಂದು ದನಿಯ ಮೇಲೆ ರಮಾಬಾಯಿ ನಾಲ್ಕು ವರ್ಷ ಈ ಮನೆಯ ಯಜಮಾನಿಯಾಗಿಯೇ ಉಳಿದಿದ್ದರು. ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಹಾಲಿನವನನ್ನು ಗದರುತ್ತಿದ್ದರು, ಸೊಸೆಗೆ ಅಡಿಗೆ ಹೇಳುತ್ತಿದ್ದರು.

ಫೋನು ಹೊಡೆದುಕೊಂಡಿತು. 'ಪರಿಚಯ'ದ ಕಂಟ್ರೋಲ್ ರೂಮಿನಿಂದ ಸಹೋದ್ಯೋಗಿ ನಾಜ್ನೀನ್.

"ಮೇಡಂ, ಲಗೂನ ಬರ್ರಿ. ಒಂದೊಂದ ಮನಿ ಹೋಗಾಕ ಹತ್ತ್ಯಾವ್ರಿ."

"ನಮ್ಮ ಮನೀದು ಈಗ ಹೋತು ನೋಡು," ಎಂದಳು ಅನಘಾ. ಅರ್ಧ ಕಟ್ಟಿದ ತುರುಬನ್ನು ಅತ್ತೆ ಮತ್ತೆ ಮುಟ್ಟಗೊಡಲಿಲ್ಲ. ಗಂಡ ವಾದಿರಾಜನನ್ನು ಕರೆದು ಕೂರಿಸಿ ಅವಳು ಸ್ಕೂಟರ್ ತೆಗೆದಳು.

ಕಂಟ್ರೋಲ್ ರೂಮ್ ಇದ್ದದ್ದು ಧಾರವಾಡದ ಸಪ್ತಾಪುರದ ಹಳೆಯ ಬಂಗಲೆಯೊಂದರ ಮಾಳಿಗೆಯಲ್ಲಿ. ಪಾಳಿಯ ಮೇಲ್ವಿಚಾರಕಿಯಾಗಿ ಅವಳು ಹನ್ನೊಂದು ವರ್ಷದಿಂದ ಕೂರುವ ಕೋಣೆ. ಇವತ್ತು ಒಳಗೆ ಕಾಲಿಟ್ಟಾಗ ಗೋಡೆಯ ಮೇಲಿನ ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಅದನ್ನು ನೋಡಿ ಅವಳಿಗೆ ಹೆಚ್ಚು ಭಯವಾಯಿತು.

"ಮಶೀನು ಎಲ್ಲಾ ಚಲೋ ಅದಾವ್ರಿ," ಎಂದಳು ನಾಜ್ನೀನ್, ಪರದೆಯಿಂದ ಕಣ್ಣು ತೆಗೆಯದೆ. "ನಮ್ಮ ಬಾಗಲಾ ತಗದ ಐತಿ. ಬಡ್ಯಾವ್ರ ಬರವಲ್ಲರು."

ಕರೆಗಳು ಬರುತ್ತಲೇ ಇದ್ದವು. ರಾಣೆಬೆನ್ನೂರಿನಲ್ಲಿ ಒಬ್ಬ ಹಿರಿಯರು ಸಂತೆಯಿಂದ ಬಂದ ಹೆಂಡತಿಯನ್ನು ಒಳಗೆ ಬಿಡುತ್ತಿಲ್ಲ. ಆಕೆ ಕಟ್ಟೆಯ ಮೇಲೆ ಕೂತು ಫೋನು ಮಾಡಿದ್ದಾಳೆ. ಗದಗದಲ್ಲಿ ಗುಳಿಗೆ ಕೊಡಲು ಬಂದ ಮಗಳ ಕೈಯನ್ನು ತಾಯಿ ಕಚ್ಚಿದ್ದಾಳೆ. ನಲವತ್ತೊಂದು ಸಾವಿರ ಮನೆಗಳಲ್ಲಿ ಹದಿನೆಂಟು ಸಾವಿರ ಆಗಲೇ ಕತ್ತಲಾಗಿದ್ದವು.

ಅಂತರಜಾಲದಲ್ಲಿ ಯಂತ್ರಗಳ ವಿಳಾಸ ಬರಿಯ ಸಂಖ್ಯೆ. ಅದನ್ನು ಯಾರೂ ನೆನಪಿಡುವುದಿಲ್ಲ. ಹೆಸರು ಹೇಳಿದರೆ ಸಂಖ್ಯೆ ತಿಳಿಸುವ ಒಂದು ದೊಡ್ಡ ಪಟ್ಟಿ ಇರುತ್ತದೆ, ಅದನ್ನು ಕಾಯುವ ನೋಂದಣಿ ಕಚೇರಿ ಇರುತ್ತದೆ. ಮುಖಗಳು ಕಳುವಾಗದಿರಲಿ ಎಂದು ಅವನ್ನು ಚಾಳೀಸಿನಲ್ಲಿ ಇಡದೆ ಇಲ್ಲಿಯ ಯಂತ್ರಗಳಲ್ಲಿ ಇಟ್ಟಿದ್ದರು. ಹಾಗಾಗಿ ಪ್ರತಿ ಚಾಳೀಸೂ ಕೆಲವು ತಾಸಿಗೊಮ್ಮೆ ಆ ಪಟ್ಟಿಯನ್ನು ಕೇಳುತ್ತದೆ: 'ಪರಿಚಯ'ದ ಯಂತ್ರಗಳ ವಿಳಾಸವೇನು? ಬೆಳಿಗ್ಗೆಯಿಂದ ಪಟ್ಟಿ ಉತ್ತರಿಸುತ್ತಿಲ್ಲ. ಹಳೆಯ ಉತ್ತರ ನೆನಪಿರುವಷ್ಟು ಹೊತ್ತು ಒಂದೊಂದು ಮನೆ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಬೇರೆ ಹೆಸರು ಕೊಡೋಣವೆಂದರೆ, ಕಳ್ಳರು ತಿದ್ದದಂತೆ ಆ ಹೆಸರನ್ನು ಚಾಳೀಸಿನೊಳಗೆ ಅಚ್ಚೊತ್ತಿಬಿಟ್ಟಿದ್ದಾರೆ.

"ಹೆಸರಿನ ಮುದ್ದತ್ತು ಮುಗದದೇನು?" ಎಂದು ಅನಘಾ ಕೇಳಿದಳು.

"ಇಲ್ರಿ. ಇನ್ನೂ ಎರಡು ವರ್ಷ ಐತಿ. ಆದ್ರ ನೋಂದಣಿಯವ್ರು ಹಿಂಗ ಬರದಾರ ನೋಡ್ರಿ." ನಾಜ್ನೀನ್ ಓದಿದಳು. "ಮಾಲೀಕರು ಗುರುತು ದೃಢಪಡಿಸಿಲ್ಲ. ಮೂರು ಪತ್ರಗಳಿಗೆ ಉತ್ತರ ಬಂದಿಲ್ಲ. ಹೆಸರನ್ನು ತಡೆಹಿಡಿಯಲಾಗಿದೆ."

ಹಿಂದೆ ನಿಂತಿದ್ದ ಡೈರೆಕ್ಟರ್ ಪಟ್ಟಣಶೆಟ್ಟಿಯವರು ಬಗ್ಗಿ ನೋಡಿದರು. "ಮಾಲೀಕರು ಅಂದ್ರ ನಾವ ಅಲ್ಲೇನು?"

"ಅಲ್ರಿ ಸರ್. ಊರ್ಮಿಳಾ ಗಲಗಲಿ ಅಂತ ಐತಿ."

"ಯಾರ್ರೀ ಈಕಿ? ನಮ್ಮ ಹೆಸರು ಈಕಿ ತಾಬಾದಾಗ ಯಾಕೈತಿ? ಹುಡುಕ್ರಿ. ಎಲ್ಲೇ ಇರ್ಲಿ, ಪೊಲೀಸರಿಗೆ ಹೇಳಿ ಹಿಡಕೊಂಡ ಬರ್ರಿ!"

ಆ ಹೆಸರನ್ನು ಒಬ್ಬರು ಗಟ್ಟಿಯಾಗಿ ಉಚ್ಚರಿಸಿದ್ದನ್ನು ಕೇಳಿ ಅನಘಾಳಿಗೆ ಎಷ್ಟೋ ವರ್ಷವಾಗಿತ್ತು. ತಾಯಿ ಇದ್ದಷ್ಟು ದಿನ ಅಳಿಯ ಮಗ್ಗುಲಲ್ಲಿ ಇಲ್ಲದಾಗ ಹಾಗೆ ಕರೆಯುತ್ತಿದ್ದಳು. ಈಗ ಕೋಣೆಯಲ್ಲಿ ಆರು ಜನ ಅದೇ ಹೆಸರನ್ನು ಬೈಗುಳದಂತೆ ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ಅವಳ ಕಿವಿ ಬಿಸಿಯಾದವು.

"ನಾನರಿ ಸರ್."

"ಏನು ನೀವು?"

"ಊರ್ಮಿಳಾ ಗಲಗಲಿ. ನಾನ."

ನಾಜ್ನೀನ್ ಕುರ್ಚಿಯನ್ನು ಪೂರ್ತಿ ತಿರುಗಿಸಿದಳು. "ಹನ್ನೊಂದು ವರ್ಷ ಬಾಜೂಕ ಕೂತ ಡಬ್ಬಿ ಹಂಚಕೊಂಡೀವಿ. ಒಂದ ದಿನಾನೂ ಹೇಳಿಲ್ಲಲ್ರಿ ಮೇಡಂ!"

"ಯಾರೂ ಕೇಳಿಲ್ಲಲ್ಲವಾ."

ಕಥೆ ದೊಡ್ಡದೇನಲ್ಲ. ಈ ಚಾಳೀಸನ್ನು ಮೊದಲು ಕನಸಿದವರು ಪ್ರೊಫೆಸರ್ ಮಮದಾಪುರ. ಸರ್ಕಾರಿ ಕಾಲೇಜಿನವರಾದ್ದರಿಂದ ಹೊರಗಿನ ಯಾವ ಉದ್ಯಮವನ್ನೂ ತಮ್ಮ ಹೆಸರಿನಲ್ಲಿ ಮಾಡುವಂತಿರಲಿಲ್ಲ. ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದ ಇಪ್ಪತ್ತನಾಲ್ಕರ ಊರ್ಮಿಳಾಳಿಗೆ, "ನಿನ್ನ ಹೆಸರಿನಾಗ ಒಂದು ನೋಂದಣಿ ಮಾಡವಾ," ಎಂದಿದ್ದರು. ತನ್ನ ಇ-ಮೇಲ್ ಕೊಟ್ಟು ಅವಳು ಹತ್ತು ನಿಮಿಷದಲ್ಲಿ ಮಾಡಿ ಮರೆತಿದ್ದಳು. ಹೆಣ್ಣುಮಕ್ಕಳ ಹೆಸರು ಅಕ್ಕಿಯ ತಟ್ಟೆಯ ತನಕ ಮಾತ್ರ ಎಂಬುದು, ಇಬ್ಬರು ಹೆಣ್ಣುಮಕ್ಕಳ ತಂದೆಯಾದ ಅವರಿಗೆ ಹೊಳೆಯಬೇಕಿತ್ತು. ಮರುವರ್ಷ ಮದುವೆ. ಹರಿವಾಣದಲ್ಲಿ ಅಕ್ಕಿ ಹರವಿ, ವಾದಿರಾಜನ ಕೈಗೆ ಉಂಗುರ ಕೊಟ್ಟು, ರಮಾಬಾಯಿ ಕಿವಿಯಲ್ಲಿ ಹೇಳಿದ ಸೊಸೆಯ ಹೊಸ ಹೆಸರನ್ನು ಅವನು ಅಕ್ಕಿಯಲ್ಲಿ ಬರೆದ. ಅದೇ ವಾರ ಹೊಸ ಹೆಸರಿನಲ್ಲಿ ಹೊಸ ಇ-ಮೇಲೂ ಆಯಿತು. ಎಷ್ಟೋ ವರ್ಷಗಳ ಮೇಲೆ ಪ್ರೊಫೆಸರರು ಮತ್ತೆ ಕೆಲಸಕ್ಕೆ ಕರೆದಾಗ ಬಂದವಳು ಅನಘಾ ಹುದ್ದಾರ. ಹೆಸರಿನ ಶುಲ್ಕ ಹತ್ತು ವರ್ಷಕ್ಕೊಮ್ಮೆ ತಾನಾಗಿಯೇ ಕಟ್ಟಿಹೋಗುತ್ತಿತ್ತು. ಪ್ರೊಫೆಸರರು ತೀರಿಕೊಂಡರು. ಮಾಲೀಕರು ಎದುರಿಗೆ ಬಂದು ಮುಖ ತೋರಿಸಬೇಕೆಂಬ ಹೊಸ ನಿಯಮ ಈ ವರ್ಷ ಬಂತು. ಪತ್ರಗಳು ಯಾರೂ ತೆರೆಯದ ಆ ಹಳೆಯ ಪೆಟ್ಟಿಗೆಗೆ ಹೋಗಿ ಬಿದ್ದವು.

ನೋಂದಣಿ ಕಚೇರಿಯ ಅಧಿಕಾರಿ ಪರದೆಯ ಮೇಲೆ ಬಂದಳು. ಬೆಂಗಳೂರಿನ ಹುಡುಗಿ, ಮಾತು ಮೆತ್ತಗೆ.

"ಮೇಡಂ, ನಿಮ್ಮ ಗುರುತಿನ ಚೀಟಿಲಿ ಅನಘಾ ಅಂತಿದೆ. ಮಾರ್ಕ್ಸ್ ಕಾರ್ಡಲ್ಲಿ ಊರ್ಮಿಳಾ ಅಂತಿದೆ. ಇಬ್ರೂ ಒಬ್ರೇ ಅಂತ ನಾನು ಹೇಗೆ ಬರ್ಕೊಳ್ಳಲಿ? ಎರಡೂ ಹೆಸರು ಒಂದೇ ಕಾಗದದಲ್ಲಿರೋ ದಾಖಲೆ ಬೇಕು."

"ಇಲ್ಲದಿದ್ರ?"

"ಅರ್ಜಿ ಹಾಕ್ಬೇಕಾಗುತ್ತೆ. ಇಪ್ಪತ್ತೊಂದು ದಿನ."

ಪಟ್ಟಣಶೆಟ್ಟಿಯವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅಷ್ಟ್ ದಿನಾ ಆ ಹಿರೇರು ಗುರುತಿಲ್ಲದವ್ರ ಕೈಯಾಗ ಉಣ್ಣಬೇಕೇನ್ರಿ?"

"ಮಧ್ಯಾಹ್ನ ಮೂರು ಗಂಟೆ ಒಳಗೆ ಮೂಲ ಕಾಗದ ಹಿಡ್ಕೊಂಡು ನಿಮ್ಮ ಆಫೀಸಿನ ಇದೇ ಕ್ಯಾಮೆರಾ ಮುಂದೆ ಬನ್ನಿ ಸರ್. ಇವತ್ತೇ ಬಿಟ್ಕೊಡ್ತೀನಿ."

ಅಂಥ ಕಾಗದ ಒಂದೇ ಒಂದು ಇತ್ತು. ಮದುವೆಯಾದ ಮೇಲೆ ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿದ ಪ್ರಮಾಣಪತ್ರ. ಈವರೆಗೆ ಊರ್ಮಿಳಾ ಎಂದು ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ಅನಘಾ ಎಂದು. ಸಹಿ ಆದ ಕೂಡಲೆ ಅದನ್ನು ಅತ್ತೆ ಮಡಚಿ ಒಯ್ದಿದ್ದರು. ಮತ್ತೆ ಅವಳು ಅದನ್ನು ಕಂಡಿರಲಿಲ್ಲ.

ಅವಳು ಫೋನಿನಲ್ಲಿ ಎಲ್ಲ ಹೇಳಿ ಮನೆಗೆ ಬಂದಾಗ ವಾದಿರಾಜ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ನಗಬೇಕೋ ಅಳಬೇಕೋ ತಿಳಿಯದಂತಿತ್ತು.

"ನಾ ಒಳಗ ಹೋದ್ರ ಎದ್ದು ನಿಲ್ಲತಾಳ. ತಲಿ ಮ್ಯಾಲೆ ಸೆರಗು ಹೊದ್ಕೋತಾಳ. ಮಾವನವರು ಬಂದ್ರು ಅಂತಾಳ ನನಗ! ಕಾಗದ ಎಲ್ಲಿ ಅಂತ ಕೇಳಿದ್ರ, 'ನಿಮ್ಮ ಮಗನ್ನ ಕೇಳ್ರಿ' ಅಂತಾಳ. ನಾನಽ ಅಲ್ಲೇನು ಮಗಾ?"

"ಟ್ರಂಕು ನೋಡಿದ್ರೇನು?"

"ಮುಟ್ಟಗೊಡವಲ್ಲಳು. ಕಳ್ಳರು ಅಂತ ಒದರಿ ಓಣಿ ಕೂಡಿಸ್ತಾಳ."

ರಮಾಬಾಯಿ ಹಿತ್ತಲ ಕಟ್ಟೆಯ ಮೇಲೆ ಮೆಂತೆಪಲ್ಲೆ ಬಿಡಿಸುತ್ತಿದ್ದರು. ಕೈಗಳಿಗೆ ಯಾರ ಹೆಸರೂ ಬೇಕಿರಲಿಲ್ಲ. ಎಲೆ ಒಂದು ಕಡೆ, ದೇಟು ಒಂದು ಕಡೆ ಬೀಳುತ್ತಿತ್ತು. ಅನಘಾ ಎದುರಿಗೆ ಕೂತಳು.

"ಅತ್ತಿ, ನಾ ಅನಘಾ. ನನ್ನ ಹೆಸರು ಬದ್ಲಿ ಮಾಡಿದ ಕಾಗದ ಎಲ್ಲಿಟ್ಟೀರಿ?"

ಮುದುಕಿಯ ಬೆರಳು ಮೆಂತೆಯ ಸೂಡಿನ ಮೇಲೆ ಬಿಗಿಯಾದವು. "ಅನಘಾ ಹೊರಗ ಹೋಗ್ಯಾಳ. ಅಕೀ ಕಾಗದ ಕಂಡ ಕಂಡವರಿಗೆ ಕೊಡಂಗಿಲ್ಲ. ನೀವ್ಯಾರು ಕೇಳಾಕಿ?"

ಅನಘಾ ತುಸು ಹತ್ತಿರ ಸರಿದು ಕೂತಳು.

"ನಾ ಊರ್ಮಿಳಾ."

"ಯಾವ ಊರ್ಮಿಳಾ?"

"ಗಲಗಲಿಯವರ ಊರ್ಮಿಳಾ."

"ಹಂಗನ್ರಿ." ರಮಾಬಾಯಿ ಸೂಡಿನ ಅರ್ಧವನ್ನು ಅವಳ ಮಡಿಲಿಗೆ ಹಾಕಿದರು. "ಬರೇ ಕೂತ್ರ ಏನು ಬಂತು? ಬಿಡಸ್ರಿ. ನಮ್ಮ ಸೊಸೀ ಹೆಸರೂ ಮೊದಲ ಅದಽ ಇತ್ತು. ನಾ ಬದ್ಲಿ ಮಾಡಿದೆ."

"ಯಾಕ್ರಿ?"

ಅಷ್ಟು ವರ್ಷ ಕೇಳದೆ ಉಳಿದಿದ್ದ ಪ್ರಶ್ನೆ ಇಷ್ಟು ಸುಲಭವಾಗಿ ಹೊರಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ಲಕ್ಷ್ಮಣನ ಹೇಣ್ತಿ ಹೆಸರದು. ಹದಿನಾಲ್ಕು ವರ್ಷ ಗಂಡನ ಹಾದಿ ನೋಡ್ಕೋತ ಕೂತಾಕಿ. ನಮ್ಮವರೂ ಮದಿವ್ಯಾದ ಮೂರು ತಿಂಗಳಿಗೆ ಮುಂಬೈಕ ಹೋದ್ರು. ಒಂಬತ್ತು ವರ್ಷ ಹಬ್ಬಕ್ಕೊಮ್ಮೆ ಬಂದು ಹೋಗೋರು. ಗಂಡ ಇದ್ದೂ ಒಬ್ಬಾಕೀನ ಮಲಗೂದು ಹೆಂಗಿರ್ತದ ಅಂತ ನನಗ ಗೊತ್ತದ. ಮನಿಗೆ ಬಂದಾಕಿಗೆ ಅದು ಬ್ಯಾಡ ಅಂತ ಅನಿಸ್ತು. ಅಂಜಿಕಿ, ಮತ್ತೇನು."

"ಸೊಸಿಗೆ ಹೇಳಿದ್ರೇನು ಇದನ್ನ?"

"ಸೊಸಿಗ್ಯಾಕ ಹೇಳೂದು? ಅತ್ತಿ ಆದಾಕಿ ಕಾರಣ ಹೇಳ್ಕೋತ ಕೂತ್ರ ಮನಿ ನಡೀತದೇನು?" ರಮಾಬಾಯಿ ಒಂದು ಕೊಳೆತ ಎಲೆಯನ್ನು ಹುಡುಕಿ ಆಚೆ ಒಗೆದರು. ಆಮೇಲೆ ದನಿ ತಗ್ಗಿಸಿದರು. "ಅಕಿ ನಗಂಗಿಲ್ರಿ. ಕೆಲಸಾ ಚೊಕ್ಕ, ಮಾತು ಮೆತ್ತಗ. ಆದ್ರ ಗಟ್ಟ್ಯಾಗಿ ನಕ್ಕದ್ದು ನಾ ಕೇಳಿಲ್ಲ. ತವರಿನ ಹೆಸರಿನ ಕೂಡ ಅಕೀ ನಗೀನೂ ಕಸಗೊಂಡ್ನೇನೋ ಅನಸ್ತದ. ಅಕಿ ಮುಂದ ಹೇಳಬ್ಯಾಡ್ರಿ ಮತ್ತ."

"ಹೇಳಂಗಿಲ್ರಿ," ಎಂದಳು ಅನಘಾ. ಮಡಿಲಲ್ಲಿದ್ದ ದೇಟು ಎಲೆ ಎಲ್ಲ ಒಂದಾಗಿ ಹೋಗಿದ್ದವು. ಆಮೇಲೆ ಕೇಳಿದಳು, "ನಿಮ್ಮ ಹೆಸರೇನ್ರಿ?"

"ತುಂಗಾ," ಎಂದರು ರಮಾಬಾಯಿ, ಅದರಲ್ಲಿ ವಿಶೇಷವೇನೂ ಇಲ್ಲದಂತೆ. "ನರಗುಂದದ ಮಾಸ್ತರ ಮಗಳು. ಈಸೂದ್ರಾಗ ನಮ್ಮ ಓಣ್ಯಾಗ ನನ್ನ ಮೀರಸೋರು ಯಾರೂ ಇರಲಿಲ್ಲ, ಗೊತ್ತೇನು? ಬಾವ್ಯಾಗ ಮೂರು ಸುತ್ತು!"

ಚಾಳೀಸು ಎದುರಿಗಿದ್ದವರ ಹೆಸರನ್ನಷ್ಟೇ ಹೇಳುತ್ತಿತ್ತು. ಹಾಕಿಕೊಂಡವರ ಹೆಸರನ್ನು ಯಾರೂ ಅದಕ್ಕೆ ಕೇಳಿರಲಿಲ್ಲ, ಸೊಸೆಯೂ ಅತ್ತೆಯನ್ನು ಕೇಳಿರಲಿಲ್ಲ. ಬಾವಿಯಲ್ಲಿ ಈಸುವ ತುಂಗಾಳನ್ನು ಅನಘಾ ಕಣ್ಣು ಕೀಲಿಸಿ ನೋಡಿದಳು. ಅರ್ಧ ಬಿಚ್ಚಿದ ತುರುಬು, ಹೊಳೆಯುವ ಕಣ್ಣು. ತನಗೇ ತಿಳಿಯದೆ ನಕ್ಕುಬಿಟ್ಟಳು.

ಮುದುಕಿಗೆ ಅದು ಹಿಡಿಸಿತು. ಮಂಡಿಯ ಮೇಲೆ ಕೈಯೂರಿ ಎದ್ದು, ಒಳಗೆ ಹೋಗಿ, ತಾವಾಗಿಯೇ ಟ್ರಂಕು ತೆರೆದು, ಅಡಿಯಲ್ಲಿದ್ದ ಇಳಕಲ್ ಸೀರೆಯ ಮಡಿಕೆಯಿಂದ ಕಾಗದ ತಂದರು.

"ಊರ್ಮಿಳಾ ಅಂತ ಬರದದ. ಹಂಗಾರ ನಿಮ್ಮದಽ ಇರಬೇಕು, ತೊಗೋರಿ. ಇಷ್ಟ ದಿನ ಜ್ವಾಕಿ ಮಾಡಿದೆ." ಮತ್ತೆ ಕೂತರು. "ಇನ್ನೊಂದು ಮಾತದ. ಇದು ಯಾರ ಮುಂದೂ ಆಡಿದ್ದಲ್ಲ. ಹೇಳಬೇಕು ಅಂತ ಭಾಳ ದಿನದಿಂದ…"

ಫೋನು ಸೆರಗಿನ ಮರೆಯಲ್ಲಿ ಎಡೆಬಿಡದೆ ಗುಂಯ್ಗುಡುತ್ತಿತ್ತು. ಗಂಟೆ ಎರಡೂ ಇಪ್ಪತ್ತೈದು.

"ನಾ ಬರಬೇಕ್ರಿ. ಲಗೂನ ಬರ್ತೀನಿ."

"ಹಿಂಗ ಅರ್ಧಕ್ಕ ಎದ್ದರ ಹೆಂಗ್ರಿ?" ಎಂದರು ತುಂಗಾ.

ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದರ ಹಿಂದೆ ಒಂದು ಸಾವಕಾಶ ಹೋಗುತ್ತಿದ್ದವು. ಸ್ಕೂಟರಿನ ಮೇಲೆ ಕೂತ ಅನಘಾಳ ತಲೆಯಲ್ಲಿ ಒಂದು ವಿಚಾರ ಬಂತು: ಈ ಗಾಡಿ ಮುಗಿಯದೇ ಇದ್ದರೆ ಅದು ಯಾರ ತಪ್ಪೂ ಅಲ್ಲ. ಮೂರು ಗಂಟೆ ದಾಟುತ್ತದೆ. ಇಪ್ಪತ್ತೊಂದು ದಿನ ಸಿಗುತ್ತದೆ. ಇಪ್ಪತ್ತೊಂದು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂತು ಕೇಳಬಹುದು. ತಕ್ಷಣವೇ ಕಚ್ಚಿಸಿಕೊಂಡ ಆ ಗದಗದ ಮಗಳ ನೆನಪಾಯಿತು, ಹೊರಗಿನ ಕಟ್ಟೆಯ ಮೇಲೆ ಕೂತ ಹೆಂಡತಿಯದು, ಸ್ವಂತ ತಾಯಿಯ ಎದುರು ಮಾವನಾಗಿ ನಿಂತ ವಾದಿರಾಜನ ಮುಖದ್ದು. ನಾಚಿಕೆಯಾಯಿತು. ಆದರೂ ಗೇಟು ಎತ್ತಿದಾಗ ಹಿಂದಿನ ಲಾರಿಯವನು ಹಾರ್ನ್ ಹೊಡೆಯುವ ತನಕ ಅವಳು ಗಾಡಿ ಚಾಲೂ ಮಾಡಲಿಲ್ಲ.

ಮೂರಕ್ಕೆ ಎಂಟು ನಿಮಿಷವಿದ್ದಾಗ ಕ್ಯಾಮೆರಾದ ಮುಂದೆ ಕೂತಳು.

"ನಿಮ್ಮ ಹೆಸರು ಹೇಳಿ ಮೇಡಂ."

"ಊರ್ಮಿಳಾ ಗಲಗಲಿ."

"ಈಗಿನ ಹೆಸರು?"

"ಅನಘಾ ಹುದ್ದಾರ."

ಅಧಿಕಾರಿ ಕಾಗದವನ್ನು ಅತ್ತಿತ್ತ ಹಿಡಿಸಿ ನೋಡಿದಳು. ಕಂಪನಿಗೆ ಹೆಸರನ್ನು ದಾಟಿಸುವ ಪತ್ರಕ್ಕೂ ಅಲ್ಲೇ ಸಹಿ ಬೇಕೆಂದಳು. ಇಪ್ಪತ್ತೇಳು ವರ್ಷ ಬರೆಯದ ಸಹಿ. ಕೈ ಒಂದು ಸಲವೂ ತಡವರಿಸಲಿಲ್ಲ. ನಾಜ್ನೀನಳ ಪರದೆಯ ನಕಾಶೆಯಲ್ಲಿ ಒಂದು ಚುಕ್ಕೆ ಹತ್ತಿಕೊಂಡಿತು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು.

"ಬಂತು, ರಾಣೆಬೆನ್ನೂರು ಬಂತು!" ಎಂದು ನಾಜ್ನೀನ್ ಕೂಗಿದಳು. "ಎಲ್ಲಾರಿಗೂ ಮುಟ್ಟಾಕ ಎರಡು ತಾಸರೆ ಬೇಕ್ರಿ."

"ಧಾರವಾಡ?"

"ಯಾವ ಮನಿ ಯಾವಾಗ ಅಂತ ಹೇಳಾಕ ಆಗೂದಿಲ್ಲಲ್ರಿ ಮೇಡಂ. ಅದು ಯಾವಾಗ ಕೇಳತೈತೋ ಆವಾಗ."

ಪಟ್ಟಣಶೆಟ್ಟಿಯವರು ಪೇಡೆಯ ಡಬ್ಬಿ ತೆರೆದಿದ್ದರು. "ಎರಡು ಹೆಸರಿನಾಕಿ ನೀವು, ಎರಡು ತೊಗೋಬೇಕು. ಪೊಲೀಸರಿಗೆ ಕೊಡಬೇಕಂದಿದ್ದೆ ನಿಮ್ಮನ್ನ!" ಎಲ್ಲರೂ ನಕ್ಕರು. ಅನಘಾ ಕೈಯಲ್ಲಿ ಇಟ್ಟ ಪೇಡೆಗಳನ್ನು ಹಾಗೆಯೇ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಮನೆಯ ಚಾಳೀಸು ಕೊನೆಯದಾಗಿರಲಿ, ಕೊನೆಯದಾಗಿರಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಹಿತ್ತಲಿಗೆ ಕಾಲಿಟ್ಟಾಗ ರಮಾಬಾಯಿ ತಲೆಯೆತ್ತಿದರು. ಕಿವಿಯ ಹಿಂದೆ ಏನೋ ಕೇಳಿಸಿಕೊಳ್ಳುವಾಗ ಅವರ ಕತ್ತು ತುಸು ವಾಲುತ್ತದೆ, ಈಗಲೂ ವಾಲಿತು. ಹುಬ್ಬು ಗಂಟಾದವು.

"ಅನಘಾ, ಎಲ್ಲಿ ಹೋಗಿದ್ದಿ ಇಷ್ಟೊತ್ತನಕ? ಚಹಾ ಇಲ್ಲ, ಏನಿಲ್ಲ. ಪಲ್ಲೆ ಯಾರೋ ದೇಟು ಸುದ್ದಾ ಕೂಡಿಸಿಟ್ಟಾರ."

ವಾದಿರಾಜ ಹಿಂದಿನಿಂದ ಬಂದ. ಅವನ ಕಣ್ಣು ಒದ್ದೆಯಾಗಿದ್ದವು. "ಈಗ ಹತ್ತು ನಿಮಿಷಾತು. ನನ್ನ ಹೆಸರು ಹಿಡದು ಕರದ್ಲು. ನೀ ದೊಡ್ಡ ಕೆಲಸಾ ಮಾಡಿದಿ ನೋಡು."

ಅವನ ಸಂತೋಷ ಸುಳ್ಳಾಗಿರಲಿಲ್ಲ. ಅವಳು ಅವನ ತೋಳನ್ನು ಮುಟ್ಟಿ, ಅತ್ತೆಯ ಎದುರು ಕೂತಳು.

"ಅತ್ತಿ, ಇನ್ನೊಂದು ಮಾತು ಹೇಳಬೇಕು ಅಂದಿದ್ರಿ. ಏನದು?"

"ನಿನ್ನ ಕೂಡ ನಂದೇನು ಮಾತಿರ್ತದ?" ಎಂದರು ರಮಾಬಾಯಿ. "ಹೋಗು, ಚಹಾಕ್ಕಿಡು."

ಸಂಜೆ ದೇವರ ಮುಂದೆ ದೀಪ ಹಚ್ಚಿ, ಬೇಳೆ ಬೇಯಲು ಇಟ್ಟು ಅನಘಾ ಅಡಿಗೆಮನೆಯ ಮಣೆಯ ಮೇಲೆ ಕೂತಿದ್ದಳು. ಸೇವೆ ನಿಂತು ಬಂದದ್ದರಿಂದ ಪ್ರತಿ ಮನೆಯವರೂ ತಮ್ಮ ಪಟ್ಟಿಯನ್ನು ಒಮ್ಮೆ ಸರಿನೋಡಬೇಕೆಂದು ಸಂದೇಶ ಬಂದಿತ್ತು. ಕಳಿಸಿದ್ದು ಅವಳದೇ ಕಚೇರಿ. ಫೋನಿನಲ್ಲಿ ಒಂದೊಂದೇ ಮುಖ ಬಂತು. ವಾದಿರಾಜ, ಮಗ: ಸರಿ. ಹಾಲಿನವನು: ಸರಿ. ಪಕ್ಕದ ಮನೆಯ ಗಂಗವ್ವ: ಸರಿ. ನಂತರ ತನ್ನದೇ ಮುಖ. ಹೆಸರು ಅನಘಾ, ಸಂಬಂಧ ಸೊಸೆ.

ಕೆಳಗೆ ಯಾರೂ ಹೆಚ್ಚಾಗಿ ಬಳಸದ ಒಂದು ಸೌಲಭ್ಯವಿತ್ತು: ಈ ವ್ಯಕ್ತಿಯನ್ನು ಪರಿಚಯಿಸದಿರುವ ವೇಳೆ. ಜಗಳಾಡಿ ಮಾತು ಬಿಟ್ಟ ಬೀಗರಿಗಾಗಿ, ಹಳೆಯ ದುಃಖ ನೆನಪಿಸುವವರಿಗಾಗಿ ಇಟ್ಟದ್ದು. ಆ ಹೊತ್ತಿನಲ್ಲಿ ಚಾಳೀಸು ಅವರ ಹೆಸರು ಹೇಳುವುದಿಲ್ಲ. ಅವಳು ಅದನ್ನು ತೆರೆದಳು. ವಾದಿರಾಜ ಹತ್ತೂವರೆಗೆ ಲೈಬ್ರರಿಗೆ ಹೋಗುತ್ತಾನೆ. ಮುಂದಿನ ವಾರದಿಂದ ಅವಳದು ಎರಡನೇ ಪಾಳಿ, ಮನೆ ಬಿಡುವುದು ಒಂದೂವರೆಗೆ.

ಇದು ಕದ್ದು ಕೇಳಿದಂತಲ್ಲವೇ ಎಂದು ಒಮ್ಮೆ ಅನಿಸಿತು. ದಿನಾ ಬೆಳಿಗ್ಗೆ ಆ ಗಾಬರಿ, ಆ "ಯಾರವಾ ನೀವು" ಮತ್ತೆ ಮೊದಲಿನಿಂದ ಆಗುತ್ತದೆ. ಆ ಇನ್ನೊಂದು ಮಾತು ತನ್ನಿಂದ ತಾಳಲಾಗದ್ದೂ ಇರಬಹುದು. ಅಥವಾ ತುಂಗಾ ಅದನ್ನು ಎಂದೂ ಹೇಳದೆ ಬಾವಿಯ ಸುದ್ದಿಯನ್ನೇ ನೂರು ಸಲ ಹೇಳಬಹುದು. ಹೇಳಲಿ.

ಹನ್ನೊಂದರಿಂದ ಒಂದರ ತನಕ, ಎಂದು ಅವಳು ತುಂಬಿದಳು. ಖಚಿತವೇ ಎಂದು ಫೋನು ಕೇಳಿತು.

"ಎಲ್ಲಾ ಸರಿ ಅದ ಹೌದಿಲ್ಲೋ ಪಟ್ಟಿ?" ಎಂದ ವಾದಿರಾಜ ಪಡಸಾಲೆಯಿಂದ.

"ಹೂಂ. ಸರಿ ಅದ," ಎಂದು ಅನಘಾ ಹೌದು ಒತ್ತಿದಳು, ಮತ್ತು ಬೇಳೆ ಉಕ್ಕುವ ಮೊದಲು ಉರಿ ಸಣ್ಣ ಮಾಡಲು ಎದ್ದಳು.